ಹುಣಸೆಮರಕ್ಕೆ ಒರಗಿಸಿದ ಗರಿ

ತಿಪಟೂರಿನಿಂದ ತುರುವೇಕೆರೆಯ ಕಡೆಗೆ ಹೊರಟು ಆರೇಳು ಮೈಲಿ ಕಳೆದ ಮೇಲೆ ರಸ್ತೆ ಮೆಲ್ಲಗೆ ಏರತೊಡಗುತ್ತದೆ. ಏರು ಮುಗಿಯುವಲ್ಲಿ ಒಂದು ಗಟ್ಟಿ ತಿರುವು. ತಿರುವಿನ ಈಚೆಗೆ, ಅಂದರೆ ತಿಪಟೂರಿನ ಕಡೆಗೆ, ತೆಂಗಿನ ತೋಟದ ಬೇಲಿಗೆ ಒತ್ತಿಕೊಂಡಂತೆ ಒಂದು ಗರಿಯ ಗುಡಿಸಲು. ತಿರುವಿನ ಆಚೆಗೆ, ತುರುವೇಕೆರೆಯ ಕಡೆಗೆ, ನಡುವಿಗೆ ಸುಣ್ಣದ ಪಟ್ಟೆ ಬಳಿದ ಒಂದು ಹುಣಸೆಮರ. ಆ ಮರಕ್ಕೆ ವರ್ಷದ ಎಲ್ಲ ದಿನವೂ ಎರಡು ಇಡೀ ತೆಂಗಿನ ಗರಿಗಳು ಒರಗಿರುತ್ತವೆ. ಬಸ್ಸಿನಲ್ಲಿ ಹೋಗುವವರು ಅವನ್ನು ಕಂಡು, ಯಾರೋ ಸೌದೆಗೆಂದು ಇಟ್ಟು ಮರೆತುಹೋಗಿದ್ದಾರೆ ಎಂದುಕೊಳ್ಳುತ್ತಾರೆ. ಮರೆತದ್ದಲ್ಲ. ಅವನ್ನು ಅಲ್ಲಿ ಒರಗಿಸಿದವಳು ಗುಡಿಸಲಿನ ಸಿದ್ದಕ್ಕ.

ಸಿದ್ದಕ್ಕನ ಕಸುಬು ಗರಿ ಹೆಣೆಯುವುದು. ತೋಟದವರಿಂದ ಬಿದ್ದ ಗರಿಗಳನ್ನು ಎತ್ತಿ ತಂದು, ನಡುವೆ ಸೀಳಿ, ಕಟ್ಟೆಯ ನೀರಿನಲ್ಲಿ ನೆನೆಹಾಕಿ, ಚಪ್ಪರಕ್ಕೂ ಸೂರಿಗೂ ಹೆಣೆದು ಕೊಡುತ್ತಾಳೆ. ಶ್ರಾವಣದಲ್ಲಿ ನಾನು ಕಥೆ ಹೇಳುವ ನಮ್ಮೂರ ಭಜನೆಯ ಚಪ್ಪರಕ್ಕೆ ಬರುವ ಗರಿ ಅವಳದೇ. ಓದು ಬಾರದವಳು, ಮಾತು ಕಡಿಮೆ. ದೇವರ ಹೆಸರನ್ನು ಬಾಯಲ್ಲಿ ಹೇಳುವುದು ಅಪರೂಪ. ಆದರೆ ಚಪ್ಪರದ ಕೆಲಸ ಮುಗಿದ ಮೇಲೆ ಕೈತೊಳೆದು, ಇನ್ನೂ ಮೂರ್ತಿ ಇಡದ ಖಾಲಿ ಮಂಟಪಕ್ಕೇ ಒಮ್ಮೆ ಕೈಮುಗಿದು ಹೋಗುವವಳು.

ಅವಳ ಗಂಡ ಹನುಮಂತಯ್ಯ ಒಂದು ಕಾಲದಲ್ಲಿ ಈ ಸುತ್ತಿನಲ್ಲಿ ಹೆಸರಾದ ಕಾಯಿ ಸುಲಿಯುವವನು. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯನ್ನು ಚುಚ್ಚಿ, ಮೂರು ತಿರುವಿಗೆ ಮಟ್ಟೆ ಬಿಡಿಸಿ, ಜುಟ್ಟು ಉಳಿಸಿ ಬದಿಗೆಸೆಯುವ ಅವನ ವೇಗವನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಎಪ್ಪತ್ತಮೂರನೆಯ ಇಸವಿಯ ಒಂದು ಮಧ್ಯಾಹ್ನ ಆ ಕೆಲಸ ಅವನ ಕೈಬಿಟ್ಟಿತು.

ಅಂದು ಸುಲಿದ ಕಾಯಿ ತುಂಬಿದ ಲಾರಿಯೊಂದು ತಿರುವು ದಾಟಿ ಇಳಿಯುತ್ತ ಮಗುಚಿಕೊಂಡಿತು. ಪಕ್ಕದ ನಂಜುಂಡಪ್ಪನವರ ತೋಟದಲ್ಲಿ ಸುಲಿಯುತ್ತಿದ್ದ ಹನುಮಂತಯ್ಯ ಸದ್ದು ಕೇಳಿ ಎಲ್ಲರಿಗಿಂತ ಮೊದಲು ಓಡಿದ. ಡ್ರೈವರು ಒಳಗೆ ಸಿಕ್ಕಿ ನರಳುತ್ತಿದ್ದ. ಅವನಿಗೂ ಹನುಮಂತಯ್ಯನಿಗೂ ನಡುವೆ ಇಪ್ಪತ್ತು ಮಾರು ರಸ್ತೆ, ರಸ್ತೆಯ ತುಂಬ ಕಾಯಿ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ನಮಗೆ ಅನ್ನ. ಜುಟ್ಟು ಇರುವ ಸುಲಿದ ಕಾಯಿಯಂತೂ ದೇವರ ಮುಂದೆ ಇಡುವ ವಸ್ತು. ಅದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಾವು ನಡೆಯುವ ಮೊದಲೇ ಕಲಿತವರು. ಹನುಮಂತಯ್ಯ ತುಳಿಯಲಿಲ್ಲ. ದಾಟಲೂ ಇಲ್ಲ. ಬಗ್ಗಿ, ಎರಡೆರಡು ಕಾಯಿ ಎತ್ತಿ, ರಸ್ತೆಯ ಅಂಚಿಗೆ ಇಡುತ್ತ ದಾರಿ ಮಾಡಿಕೊಳ್ಳತೊಡಗಿದ. ತಿರುವಿನ ಕಡೆಗೆ ಅವನ ಬೆನ್ನಿತ್ತು. ಅವನ ಹಿಂದೆ ಬಂದ ನಾಲ್ಕೈದು ಜನರೂ ಹಾಗೆಯೇ ಬಗ್ಗಿದರು. ಇನ್ನೊಂದು ಲಾರಿ ತಿರುವು ತಿರುಗಿದಾಗ ಅದರ ಡ್ರೈವರು ಬ್ರೇಕು ತುಳಿಯದೆ ಇರಲಿಲ್ಲ. ಆದರೆ ಚಕ್ರಗಳು ಕಾಯಿಗಳ ಮೇಲೆ ಜಾರಿದವು. ಉಳಿದವರು ಚರಂಡಿಗೆ ಹಾರಿಕೊಂಡರು. ಹನುಮಂತಯ್ಯನ ಬಲಸೊಂಟಕ್ಕೆ ಪೆಟ್ಟು ಬಿತ್ತು.

ಮಗುಚಿದ ಲಾರಿಯ ಡ್ರೈವರಿಗೆ ಒಂದು ತೋಳು ಮುರಿದಿತ್ತು, ಅಷ್ಟೆ. ಅವನು ಎರಡು ತಿಂಗಳಲ್ಲಿ ಮತ್ತೆ ಲಾರಿ ಹತ್ತಿದ. ಅವನ ನೆರವಿಗೆ ಹೋದವನು ಐದು ತಿಂಗಳು ಆಸ್ಪತ್ರೆಯಲ್ಲಿದ್ದು, ಊರುಗೋಲು ಹಿಡಿದು ಮನೆಗೆ ಬಂದ. ಹಾರೆಯ ಮುಂದೆ ನಿಂತು ಸೊಂಟ ಬಗ್ಗಿಸುವ ಕೆಲಸ ಅವನಿಂದ ಮತ್ತೆ ಆಗಲಿಲ್ಲ.

ಆ ದಿನದ್ದೇ ಇನ್ನೊಂದು ಸಂಗತಿಯಿದೆ. ಹನುಮಂತಯ್ಯನಿಗೆ ಪೆಟ್ಟಾದ ಮೇಲೆ ಜನ ಎಚ್ಚೆತ್ತು, ಬರುವ ವಾಹನಗಳನ್ನು ತಡೆಯಲು ದಪ್ಪ ದಪ್ಪ ಕಲ್ಲುಗಳನ್ನು ಉರುಳಿಸಿ ತಂದು ರಸ್ತೆಗೆ ಅಡ್ಡ ಇಟ್ಟರು. ಲಾರಿಯನ್ನು ಎತ್ತಿ ಸಾಗಿಸಿದ ಮೇಲೆ ಕಲ್ಲುಗಳನ್ನು ಎತ್ತಲು ಯಾರಿಗೂ ನೆನಪಾಗಲಿಲ್ಲ. ಮರುದಿನ ಮುಂಜಾನೆ ಮಂಜಿನಲ್ಲಿ ಅಂಚೆಯವನು ಸೈಕಲ್ಲಿನೊಡನೆ ಅವುಗಳ ಮೇಲೆ ಬಿದ್ದು ಮೂರು ಹಲ್ಲು ಕಳೆದುಕೊಂಡ. ಒಳ್ಳೆಯ ಮನಸ್ಸಿನಿಂದ ಇಟ್ಟ ಕಲ್ಲು ಇಟ್ಟವರ ಮನಸ್ಸನ್ನು ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ. ಅದು ಬರಿಯ ಕಲ್ಲಾಗಿಯೇ ಬಿದ್ದಿರುತ್ತದೆ.

ಸಿದ್ದಕ್ಕ ಯಾರನ್ನೂ ಬೈಯಲಿಲ್ಲ, ಹಣೆಬರಹವನ್ನೂ ಹಳಿದುಕೊಳ್ಳಲಿಲ್ಲ. ಗಂಡ ಆಸ್ಪತ್ರೆಯಲ್ಲಿದ್ದಾಗ ಪ್ರತಿದಿನ ಗರಿಯ ಹೊರೆ ಹೊತ್ತು ಆ ತಿರುವಿನಲ್ಲಿ ಬರುವಾಗ ಒಂದು ವಿಷಯವನ್ನು ಗಮನಿಸಿದಳು. ಆಚೆಯಿಂದ ಬರುವವರ ಕಣ್ಣಿಗೆ ಹುಣಸೆಮರ ದಾಟಿ ಬಹಳ ಮುಂದೆ ಬರುವತನಕ ಈಚೆಯ ರಸ್ತೆ ಕಾಣುವುದಿಲ್ಲ. ಕಂಡ ಮೇಲೆ ನಿಲ್ಲಿಸಲು ಜಾಗವಿಲ್ಲ. ನಿಲ್ಲಬೇಕಾದವರಿಗೆ ಹುಣಸೆಮರದ ಹತ್ತಿರವೇ ಗೊತ್ತಾಗಬೇಕು. ಅವಳು ಮರಕ್ಕೆ ಸುಣ್ಣ ಬಳಿದದ್ದು ಆಗ. ಎರಡು ಗರಿಗಳನ್ನು ಸೀಳದೆ ಮರಕ್ಕೆ ಒರಗಿಸಿದ್ದೂ ಆಗಲೇ. ಮಳೆಗೆ ಕೊಳೆತರೆ ಬದಲಾಯಿಸುತ್ತಿದ್ದಳು. ಎರಡಾಳುದ್ದದ ಒಂದು ಗರಿ ಅರ್ಧ ರಸ್ತೆಯನ್ನು ಹಿಡಿಯುತ್ತದೆ, ದೂರಕ್ಕೆ ಕಾಣುತ್ತದೆ. ಎತ್ತಲು ಮರೆತರೂ ಅದರ ಮೇಲೆ ಸೈಕಲ್ಲು ಹತ್ತಿ ಇಳಿದೀತೇ ಹೊರತು ಸವಾರನ ಹಲ್ಲು ಉದುರುವುದಿಲ್ಲ.

ಮುಂದಿನ ವರ್ಷಗಳಲ್ಲಿ ಆ ತಿರುವಿನಲ್ಲಿ ಏನಾದರೂ ನಡೆದಾಗ, ಗಾಡಿಯ ಅಚ್ಚು ಮುರಿದಿರಲಿ, ಮೋಟಾರ್ ಸೈಕಲ್ಲು ಜಾರಿರಲಿ, ಸಿದ್ದಕ್ಕ ಮೊದಲು ಹೋಗುತ್ತಿದ್ದುದು ಹುಣಸೆಮರಕ್ಕೆ. ಗರಿ ಎಳೆದು ಅಡ್ಡ ಹಾಕಿ, ಆಮೇಲೆ ಬಿದ್ದವರ ಹತ್ತಿರ ಬರುತ್ತಿದ್ದಳು. ಎಲ್ಲ ಮುಗಿದ ಮೇಲೆ ಗರಿಯನ್ನು ಮರಕ್ಕೆ ಮರಳಿ ಒರಗಿಸಿಯೇ ಒಲೆ ಹಚ್ಚುತ್ತಿದ್ದಳು. ಊರವರಿಗೆ ಅದು ತಮಾಷೆ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಅವಳ ಗಂಡನೇ.

“ನೋಡ್ರಪ್ಪ, ಎಲ್ರೂ ಮದ್ವೆಗೆ ಚಪ್ಪರ ಹಾಕುದ್ರೆ ನಮ್ಮನೆಯೋಳು ಟಾರು ರಸ್ತೆಗೇ ಚಪ್ಪರ ಹಾಕ್ತಾಳೆ” ಎಂದು ಹನುಮಂತಯ್ಯ ಜಗಲಿಯಲ್ಲಿ ಕುಳಿತು ಹೇಳುವನು.

“ನಿನ್ನ ಸೊಂಟ ಮುರಿಯೋಕ್ ಮುಂಚೆ ಹಾಕಿದ್ರೆ ನೀನೂ ಚೆನ್ನಾಗಿರ್ತಿದ್ದೆ, ಸುಮ್ಕಿರು” ಎನ್ನುವಳು ಸಿದ್ದಕ್ಕ.

ಅವಳಿಗೆ ಮಕ್ಕಳಿರಲಿಲ್ಲ. ಇದ್ದವನು ಒಬ್ಬ ತಮ್ಮ, ಚಿಕ್ಕರಂಗಯ್ಯ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಇವಳಿಗೆ ಹನ್ನೆರಡು. ಕಂಕುಳಲ್ಲಿ ಹೊತ್ತು ಬೆಳೆಸಿದ ತಮ್ಮ. ದೊಡ್ಡವನಾಗಿ, ಮದುವೆಯಾಗಿ, ತಿರುವಿನ ಆಚೆ ಒಂದು ಮೈಲಿ ದೂರದ ಹಟ್ಟಿಯಲ್ಲಿ ಮನೆ ಮಾಡಿಕೊಂಡು, ತೋಟದವರ ಕಾಯಿಯನ್ನು ತಿಪಟೂರಿಗೆ ಸಾಗಿಸಲು ಎತ್ತಿನ ಗಾಡಿ ಹೊಡೆಯುತ್ತಿದ್ದ. ಗೌರಿ ಹಬ್ಬದ ದಿನ ಬೆಳಿಗ್ಗೆ ಅಕ್ಕನಿಗೆ ತವರಿನ ಬಾಗಿನ ತಂದುಕೊಡುವುದನ್ನು ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ತವರೆಂದರೆ ಅವಳಿಗೆ ಅವನೊಬ್ಬನೇ.

ಎಂಬತ್ತಮೂರನೆಯ ಇಸವಿಯ ಜ್ಯೇಷ್ಠಮಾಸ, ಒಂದು ಶನಿವಾರ. ತಿಪಟೂರಿನಲ್ಲಿ ಕೊಬ್ಬರಿ ಮಾರುಕಟ್ಟೆಯ ದಿನ. ಬೆಳಿಗ್ಗೆ ಒಂಬತ್ತಾಗುತ್ತ ಬಂದಿತ್ತು. ಸಿದ್ದಕ್ಕ ಗುಡಿಸಲ ಮುಂದೆ ಗರಿ ಸೀಳುತ್ತಿದ್ದಳು. ಪಕ್ಕದ ಮನೆಯ ಭೂತಮ್ಮ ಸಹಾಯಕ್ಕೆ ಕುಳಿತಿದ್ದಳು. ತಿರುವಿನ ಕಡೆ ಮರ ಸೀಳಿದಂಥ ಸದ್ದಾಯಿತು. ಎದ್ದು ನೋಡಿದರೆ ಅರವತ್ತು ಹೆಜ್ಜೆ ಮೇಲೆ ಗಾಡಿಯೊಂದು ರಸ್ತೆಯ ನಡುವೆ ಮಗುಚಿ ಬಿದ್ದಿದೆ. ಹಿಂದಿನಿಂದ ಗುದ್ದಿದ ಬಾಡಿಗೆಯ ಕಾರು ಮೂತಿ ಚರಂಡಿಗಿಳಿಸಿ ನಿಂತಿದೆ. ಸುಲಿದ ಕಾಯಿಗಳು ಇಳಿಜಾರಿನಲ್ಲಿ ಉರುಳಿ ಉರುಳಿ ಗುಡಿಸಲ ಬಾಗಿಲಿಗೇ ಬರುತ್ತಿವೆ.

ಇಬ್ಬರು ಹೆಂಗಸರೂ ಓಡಿದರು. ಹತ್ತು ಹೆಜ್ಜೆ ಇರುವಾಗ ಸಿದ್ದಕ್ಕ ಎತ್ತುಗಳ ಗುರುತು ಹಿಡಿದಳು. ಆಮೇಲೆ ದನಿ ಕೇಳಿತು.

“ಅಕ್ಕಾ. ಅಕ್ಕಾ, ಬಾರಕ್ಕ.”

ಚಿಕ್ಕರಂಗಯ್ಯ ಮಗುಚಿದ ಗಾಡಿಯ ಪಕ್ಕದ ತೊಲೆಯಡಿ ತೊಡೆ ಸಿಕ್ಕಿಸಿಕೊಂಡು ಬಿದ್ದಿದ್ದ. ಒಂದು ಎತ್ತು ನೊಗದಡಿ ಮಲಗಿತ್ತು, ಇನ್ನೊಂದು ಕಣ್ಣು ಬಿಳಿ ಮಾಡಿ ಎಗರಾಡುತ್ತಿತ್ತು. ಅದು ಎಗರಿದಾಗಲೆಲ್ಲ ಗಾಡಿ ಅವನ ಕಾಲಿನ ಮೇಲೆ ಅದುರುತ್ತಿತ್ತು. ಅವನು ಅಕ್ಕನನ್ನು ಕಂಡು ಕೈ ಚಾಚಿದ. ಒಂದು ಮಾರು ದೂರ, ಅಷ್ಟೆ.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಆ ಗಳಿಗೆಯನ್ನು ಸಿದ್ದಕ್ಕ ನನಗೆ ಹೇಳಿದ್ದು ವರ್ಷಗಳ ಮೇಲೆ, ತಲೆ ತಗ್ಗಿಸಿಕೊಂಡು ಗರಿ ಹೆಣೆಯುತ್ತಲೇ. ತುರುವೇಕೆರೆಯಿಂದ ಬರುವ ಒಂಬತ್ತು ಗಂಟೆಯ ಬಸ್ಸು ಇನ್ನೂ ಈ ಕಡೆ ದಾಟಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಮಾರುಕಟ್ಟೆಯ ದಿನ ಅದು ಮೇಲೆ ಕೆಳಗೆ ಜನ ತುಂಬಿಕೊಂಡು, ಹೊತ್ತಾಯಿತೆಂದು ಜೋರಾಗಿಯೇ ಬರುತ್ತದೆ. ತಮ್ಮ ಮಾತಾಡುತ್ತಿದ್ದಾನೆ, ಉಸಿರಿದೆ. ಅವನ ಪಕ್ಕ ಕುಳಿತರೆ ಬಸ್ಸು ಇಬ್ಬರನ್ನೂ ತೆಗೆದುಕೊಂಡು ಹೋಗುತ್ತದೆ, ಎತ್ತಲು ಬರುವವರನ್ನೂ. ಇಷ್ಟನ್ನು ಅವಳು ಯೋಚಿಸಿದಳೆಂದಲ್ಲ. ಹತ್ತು ವರ್ಷ ಮಾಡಿದ ಅಭ್ಯಾಸ ಅವಳ ಕಾಲುಗಳಲ್ಲಿ ಸೇರಿತ್ತು. ದಿನವೂ ಜಪ ಮಾಡುವವನ ಬಾಯಲ್ಲಿ ಆಪತ್ತಿನ ಹೊತ್ತಿಗೆ ನಾಮ ತಾನಾಗಿ ಬರುವಂತೆ, ಅವಳ ಕಾಲು ತಾನಾಗಿ ನಡೆಯಿತು.

ಭೂತಮ್ಮನಿಗೆ, ಮನೆಯ ಮುಂದಿನ ಗರಿಯನ್ನು ತಿಪಟೂರಿನ ಕಡೆ ದೂರದಲ್ಲಿ ಅಡ್ಡ ಹಾಕಿ ಅಲ್ಲೇ ಅಂಚಿನಲ್ಲಿ ನಿಲ್ಲುವಂತೆ ಹೇಳಿದಳು. ತಾನು, ತಮ್ಮನು ಚಾಚಿದ ಕೈಯ ಪಕ್ಕದಲ್ಲೇ ಹಾದು, ಅಂಚು ಹಿಡಿದು, ತಿರುವಿನ ಕಡೆಗೆ ಓಡಿದಳು. ಹಿಂದಿನಿಂದ “ಅಕ್ಕಾ” ಎಂಬ ಕೂಗು ಬರುತ್ತಲೇ ಇತ್ತು. ತಿರುವು ತಿರುಗಿದ ಮೇಲೂ ಬರುತ್ತಿತ್ತು.

ಹುಣಸೆಮರದಿಂದ ಮೊದಲ ಗರಿಯನ್ನು ಎಳೆದು ರಸ್ತೆಗೆ ಅಡ್ಡ ಹಾಕಿದಳು. ಎರಡನೆಯದನ್ನು ಬುಡದಲ್ಲಿ ಹಿಡಿದು, ರಸ್ತೆಯ ಹೊರಗೆ ಮಣ್ಣಿನ ಮೇಲೆ ನಿಂತು, ಮೇಲೆ ಕೆಳಗೆ ಬೀಸತೊಡಗಿದಳು. ನಡುರಸ್ತೆಯಲ್ಲಿ ನಿಲ್ಲಲಿಲ್ಲ ಎಂಬುದನ್ನು ಓದುವವರು ಗಮನಿಸಬೇಕು. ತಡೆಯುವವನೇ ಚಕ್ರಕ್ಕೆ ಸಿಕ್ಕರೆ ತಡೆಯುವವರು ಇಲ್ಲದಂತಾಗುತ್ತದೆ. ನಾಲ್ಕೈದು ಸಲ ಬೀಸುವಷ್ಟರಲ್ಲಿ ಬಸ್ಸು ಕಂಡಿತು. ಡ್ರೈವರು ಗರಿ ನೋಡಿ ವೇಗ ತಗ್ಗಿಸಿದ, ಅವಳನ್ನು ನೋಡಿ ಬ್ರೇಕು ಒತ್ತಿದ. ಬಸ್ಸು ಗರಿಯ ಮೇಲೆ ಮುಂದಿನ ಚಕ್ರ ಹತ್ತಿಸಿ ನಿಂತಿತು. ಆಮೇಲೆ ಕಂಡಕ್ಟರು ಆ ಗರಿಯ ಬಳಿ ನಿಂತು ಹಿಂದಿನಿಂದ ಬರುವವರನ್ನು ತಡೆಯಲು ಒಪ್ಪಿಕೊಂಡ. ಏಳೆಂಟು ಗಂಡಸರು ಅವಳ ಹಿಂದೆ ಇಳಿದು ಬಂದರು.

ಅಷ್ಟರಲ್ಲಿ ಈಚೆಗೂ ಜನ ಸೇರಿದ್ದರು. ತೋಟದ ಆಳುಗಳು ಕಾಯಿ ಕಂಡು ಮತ್ತೆ ಅದೇ ತಪ್ಪಿಗೆ ಬಗ್ಗಿದ್ದರು. ನೋಯುತ್ತಿರುವ ಮನುಷ್ಯ ಮಾರು ದೂರದಲ್ಲಿದ್ದಾನೆ, ಇವರು ಕಾಯಿ ಎತ್ತಿ ಎತ್ತಿ ಇಡುತ್ತಿದ್ದಾರೆ. ಸಿದ್ದಕ್ಕ ಕೈಯಲ್ಲಿದ್ದ ಗರಿಯನ್ನೇ ಪೊರಕೆಯಂತೆ ಹಿಡಿದು ಒಂದೇ ಬೀಸಿಗೆ ಹತ್ತಿಪ್ಪತ್ತು ಕಾಯಿಗಳನ್ನು ಚರಂಡಿಗೆ ಗುಡಿಸಿದಳು. ಕಾಲು ತಗುಲಲಿಲ್ಲ, ಬೆನ್ನು ಬಗ್ಗಲಿಲ್ಲ. ಭಗವಂತನಿಗೆ ಅರ್ಪಿಸುವ ಕಾಯನ್ನು ತುಳಿಯಬಾರದೆಂಬುದು ಸರಿ. ಆದರೆ ಆ ಭಗವಂತನೇ ನರಳುವವನ ಎದೆಯಲ್ಲಿ ಕುಳಿತು ಕೂಗುತ್ತಿರುವಾಗ ಕಾಯಿಯ ಉಪಚಾರಕ್ಕೆ ನಿಂತರೆ ಅವನು ಮೆಚ್ಚುವನೇ? ಈ ಪ್ರಶ್ನೆಯನ್ನು ಸಿದ್ದಕ್ಕ ಕೇಳಿಕೊಳ್ಳಲಿಲ್ಲ. ಗುಡಿಸಿದಳು.

ಕಾರಿನಿಂದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದರ ಡ್ರೈವರು ಹಣೆಯ ರಕ್ತ ಒತ್ತಿಕೊಂಡು ಬೇಲಿಯ ಬಳಿ ಕುಳಿತಿದ್ದ. ಅದೇ ಹೊತ್ತಿಗೆ ತೋಟದ ಯಜಮಾನರಾದ ನಂಜುಂಡಪ್ಪನವರು, ಊರಿನ ನಾಲ್ಕು ದೊಡ್ಡ ಮನುಷ್ಯರಲ್ಲಿ ಒಬ್ಬರೆನಿಸಿದವರು, ಬಾಯಲ್ಲಿ ಹೊತ್ತಿಸಿದ ಬೀಡಿಯೊಂದಿಗೆ ಧಾವಿಸಿ ಬಂದು ಕಾರಿನ ಕಡೆಗೆ ಬಗ್ಗಿದರು.

“ಯಜಮಾನ್ರೆ, ಅಲ್ಲೇ ನಿಂತ್ಕಳಿ” ಎಂದಳು ಸಿದ್ದಕ್ಕ. “ಬೀಡಿ ಹಿಡ್ಕಂಡು ಹಿಂದಕ್ ಓಗಿ, ದೂರ ಓಗಿ ಆರ್ಸಿ. ಆಮೇಲ್ ಬನ್ನಿ.”

ಅವರ ಅಂಗಳದಲ್ಲಿ ದನಿಯೆತ್ತಿ ಮಾತಾಡಿದವಳಲ್ಲ ಅವಳು. ನಂಜುಂಡಪ್ಪನವರು ಅವಳು ಹೇಳಿದಂತೆ ಮಾಡಿದರು. “ನನ್ ಎಂಡ್ತಿ ಮೂವತ್ ವರ್ಷದಿಂದ ಬುಡ್ಸಕ್ಕಾಗ್ದಿದ್ ಬೀಡಿನ ಸಿದ್ದಕ್ಕ ಒಂದೇ ಮಾತ್ಗೆ ಬುಡುಸ್ಬುಟ್ಲು ಕಣ್ರಯ್ಯ” ಎಂದು ಆಮೇಲೆ ಅವರೇ ನಗುತ್ತ ಹೇಳಿಕೊಂಡು ತಿರುಗಿದರೆಂಬುದು ಅವರ ದೊಡ್ಡತನ.

ಉಳಿದದ್ದು ಎಗರಾಡುತ್ತಿದ್ದ ಎತ್ತು. ನೋವಿಗೆ ಬೆದರಿದ ಎತ್ತಿನ ಕೊಂಬಿಗೂ ಗೊರಸಿಗೂ ಹತ್ತಿರದವರು ದೂರದವರು ಎಂಬ ಭೇದವಿಲ್ಲ. ತಲೆಯ ಕಡೆಯಿಂದ ಇಬ್ಬರು ಮೂಗುದಾರ ಹಿಡಿದು, ಮೂರನೆಯವನು ಮಚ್ಚಿನಿಂದ ಕೊರಳ ಹಗ್ಗ ಕತ್ತರಿಸಿ, ಅದನ್ನು ತೋಟದೊಳಗೆ ಹೊಡೆದ ಮೇಲೆಯೇ ಸಿದ್ದಕ್ಕ ಉಳಿದವರನ್ನು ಗಾಡಿಗೆ ಕೈಹಾಕಗೊಟ್ಟಳು. ಊರುಗೋಲು ಊರಿಕೊಂಡು ಕಡೆಗೆ ಬಂದ ಹನುಮಂತಯ್ಯ ಎತ್ತಲು ಮುಂದಾದಾಗ ಅವನಿಗೆ ಬೇರೆ ಕೆಲಸ ಕೊಟ್ಟಳು: ಎಲ್ಲರಿಗೂ ಬೆನ್ನು ಮಾಡಿ ನಿಂತು ತಿರುವನ್ನೇ ನೋಡುತ್ತಿರುವುದು, ಏನು ಕೂಗು ಕೇಳಿದರೂ ಇತ್ತ ತಿರುಗದೆ ಇರುವುದು. ಬಿದ್ದವನ ಸುತ್ತ ಹತ್ತು ಜನ ಸೇರಿದರೆ ಹತ್ತೂ ಜನರ ಕಣ್ಣು ಬಿದ್ದವನ ಮೇಲೆಯೇ ಇರುತ್ತದೆ. ರಸ್ತೆಯ ಮೇಲೆ ಒಂದು ಕಣ್ಣಾದರೂ ಇರಬೇಕು. ಹತ್ತು ವರ್ಷ ನಕ್ಕಿದ್ದ ಆ ಮನುಷ್ಯ ಅಂದು ತುಟಿ ಬಿಚ್ಚದೆ, ಕತ್ತು ತಿರುಗಿಸದೆ, ಗಾಡಿ ಎತ್ತಿ ಮುಗಿಯುವವರೆಗೂ ನಿಂತಿದ್ದ.

ಗಾಡಿಯನ್ನು ಎತ್ತಿದರು. ಬಿದಿರ ತಡಿಕೆಯ ಮೇಲೆ ಚಿಕ್ಕರಂಗಯ್ಯನನ್ನು ಮಲಗಿಸಿ ಬಸ್ಸಿಗೇ ಸೇರಿಸಿದರು. ಪೊಲೀಸರು ಕೇಳಿದರೆ ಸಾಕ್ಷಿಗೆ ಯಾರು ಅಲೆಯುವುದು ಎಂದು ಇಬ್ಬರು ಮೂವರು ಹಿಂಜರಿದಾಗ, ನಂಜುಂಡಪ್ಪನವರು ‘ನನ್ನ ಹೆಸರು ಬರೆಸಿ’ ಎಂದು ತಾವೇ ಬಸ್ಸು ಹತ್ತಿದರು. ತಿಪಟೂರಿನ ಆಸ್ಪತ್ರೆಯಲ್ಲಿ ಅವನ ಕಾಲು ಉಳಿಯಿತು. ಎರಡು ಬೆರಳಿನಷ್ಟು ಗಿಡ್ಡವಾಯಿತು. ಬಸ್ಸಿನಲ್ಲಿದ್ದವರಲ್ಲಿ, ನೆರವಿಗೆಂದು ರಸ್ತೆಗಿಳಿದವರಲ್ಲಿ ಒಬ್ಬರಿಗೂ ಒಂದು ಗೀರು ಆಗಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಸ್ಪತ್ರೆಗೆ ಬುತ್ತಿ ತೆಗೆದುಕೊಂಡು ಹೋದ ಸಿದ್ದಕ್ಕನೊಡನೆ ಚಿಕ್ಕರಂಗಯ್ಯ ಮಾತಾಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮೂರನೆಯ ಸಲ ಹೋದಾಗ ಒಂದೇ ಮಾತು ಹೇಳಿದ.

“ಕೈ ನೀಡಿದ್ದೆ ಕಣಕ್ಕ. ಪಕ್ಕದಾಗೇ ಓದೆ. ಒಂದ್ ಮಾತಾದ್ರೂ ಏಳುದ್ಯಾ?”

ಹೇಳಿದೆನೋ ಇಲ್ಲವೋ ಸಿದ್ದಕ್ಕನಿಗೇ ನೆನಪಿರಲಿಲ್ಲ. “ಬತ್ತೀನಿ ತಡಿ” ಎಂದು ಮನಸ್ಸಿನಲ್ಲಿ ಅಂದಿದ್ದಳು. ಬಾಯಿಗೆ ಬಂದಿತೋ ಇಲ್ಲವೋ. ತನ್ನ ತಪ್ಪು ಯಾವುದೆಂದು ಕೇಳಿದರೆ ಇವತ್ತಿಗೂ ಅವಳು ಅದೊಂದನ್ನೇ ಹೇಳುತ್ತಾಳೆ. ಗರಿ ಎಳೆಯಲು ಹೋಗುವ ಮುನ್ನ ಬಿದ್ದವನ ಕಿವಿಗೆ ಬೀಳುವಂತೆ ‘ಈಗ ಬಂದೆ’ ಎಂದು ಕೂಗಿ ಹೋಗಬೇಕಿತ್ತು. ಅದಕ್ಕೆ ಒಂದು ಉಸಿರಿನ ಹೊತ್ತೂ ಹಿಡಿಯುತ್ತಿರಲಿಲ್ಲ.

ಊರಿನ ಬಾಯಿಯೂ ಸುಮ್ಮನಿರಲಿಲ್ಲ. ಒಡಹುಟ್ಟಿದವನು ಕೂಗಿದರೂ ಗರಿಯ ಕಡೆ ಓಡಿದವಳೆಂದು ಬಾವಿಯ ಕಟ್ಟೆಯಲ್ಲಿ ಆಡಿಕೊಂಡರು. ಇದರಲ್ಲಿ ನನ್ನದೂ ಒಂದು ಪಾಲಿದೆ, ಬರೆಯದೆ ಬಿಡಲಾರೆ. ಆ ಶ್ರಾವಣದ ಭಜನೆಯಲ್ಲಿ, ಮೊಸಳೆಯ ಬಾಯಿಗೆ ಸಿಕ್ಕ ಆನೆ ಕೂಗಿದಾಗ ಸ್ವಾಮಿಯು ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿಬಂದ ಕಥೆಯನ್ನು ನಾನು ಆವೇಶದಿಂದ ಹೇಳಿದೆ. ಚಪ್ಪರದ ಕಂಬಕ್ಕೊರಗಿ ಕುಳಿತಿದ್ದ ಚಿಕ್ಕರಂಗಯ್ಯ ಊರುಗೋಲು ಹಿಡಿದು ಎದ್ದುಹೋದ. ಆಗ ನನಗೆ ಕಾರಣ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಹೊಳೆಯಿತು. ಸ್ವಾಮಿಯ ಬೆನ್ನ ಹಿಂದೆ ಯಾವ ಬಸ್ಸೂ ಬರುತ್ತಿರಲಿಲ್ಲ. ಅವನಿಗೆ ಮೂರು ಲೋಕವೂ ಒಂದೇ ನೋಟಕ್ಕೆ ಕಾಣುತ್ತವೆ. ತಿರುವಿನ ಆಚೆ ಏನಿದೆಯೆಂದು ತಿಳಿಯಲು ನಡೆದೇ ಹೋಗಬೇಕಾದವರು ನಾವು.

ಭಾದ್ರಪದ ಬಂತು. ಗೌರಿ ಹಬ್ಬದ ದಿನ ಸಿದ್ದಕ್ಕ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಒಳಗೆ ಹೋಗದೆ ಜಗಲಿಯ ಮೇಲೆಯೇ ಕುಳಿತಳು. ತಮ್ಮ ಬರುವನೋ, ಬಾಗಿನವನ್ನು ಬೇರೆಯವರ ಕೈಯಲ್ಲಿ ಕಳುಹಿಸುವನೋ, ಅದೂ ಇಲ್ಲವೋ. ಹೊತ್ತು ಏರಿತು. ಅವಳು ಹಲ್ಲುಜ್ಜಿದ್ದು ಬಿಟ್ಟರೆ ಬಾಯಿಗೆ ನೀರೂ ಹಾಕಿರಲಿಲ್ಲ. ಹನುಮಂತಯ್ಯನೂ ಉಣ್ಣದೆ ಕುಳಿತ. ಕಡೆಗೆ ತಿರುವಿನಲ್ಲಿ ಊರುಗೋಲಿನ ಸದ್ದು ಕೇಳಿತು.

ಚಿಕ್ಕರಂಗಯ್ಯ ಮೊರದ ಬಾಗಿನವನ್ನು ಟವೆಲಿನಲ್ಲಿ ಕಟ್ಟಿ ಹೆಗಲಿಗೆ ತೂಗುಹಾಕಿಕೊಂಡು ಬಂದಿದ್ದ. ಅರಿಶಿನ, ಕುಂಕುಮ, ಬಳೆ, ರವಿಕೆ ಬಟ್ಟೆ, ಒಂದು ಜುಟ್ಟಿನ ಕಾಯಿ. ಅಕ್ಕನ ಮುಖ ನೋಡದೆ ಹೊಸಿಲ ಬಳಿ ಇಟ್ಟು, ಒಂದು ಲೋಟ ನೀರು ಕುಡಿದು, ಹೊರಡಲು ಎದ್ದ. ಸಂಪ್ರದಾಯ ತಪ್ಪಿಸಬಾರದೆಂದು ಬಂದಿದ್ದನೇ ಹೊರತು ಮನಸ್ಸು ಬಂದಿರಲಿಲ್ಲ.

ಹನುಮಂತಯ್ಯನಿಗೆ ತಡೆಯಲಾಗಲಿಲ್ಲ. “ಏನ್ಲಾ ರಂಗ, ಇಬ್ರಿಗೂ ಈಗ ಒಂದೊಂದ್ ಕೋಲು. ನಂದು ಅತ್ ವರ್ಷದ್ದು, ನಿಂದು ಇನ್ನಾ ಒಸ್ದು. ಕುಂತ್ಕಂಡು ಒಂದ್ ತುತ್ತು ಉಂಡೋಗ್ಲಾ” ಎಂದ.

ಚಿಕ್ಕರಂಗಯ್ಯ ನಗಲಿಲ್ಲ. ಆದರೆ ಭಾವನ ಸೊಂಟವನ್ನೂ ಕೋಲನ್ನೂ ಒಮ್ಮೆ ನೋಡಿದ. ರಸ್ತೆಯ ಕಡೆ ಮುಖ ಮಾಡಿ ಕೇಳಿದ:

“ಅವತ್ತು ಎಲ್ಲಿಗಂಟ ಓಗಿದ್ದೆ ನೀನು?”

ಸಿದ್ದಕ್ಕ ಸೆರಗು ಸಿಕ್ಕಿಸಿಕೊಂಡು ನಡೆದಳು. ಅವನು ಹಿಂದೆ ಕೋಲೂರಿಕೊಂಡು ನಡೆದ. ತಾನು ಬಿದ್ದಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತ. ಟಾರಿನ ಮೇಲೆ ಗಾಡಿಯ ಚಕ್ರದ ಕಬ್ಬಿಣದ ಪಟ್ಟೆ ಕೊರೆದ ಗೆರೆ ಇನ್ನೂ ಇತ್ತು. ಅಲ್ಲಿಂದ ಹೆಜ್ಜೆ ಎಣಿಸುತ್ತ ಹೊರಟ. ನೂರು ದಾಟಿತು. ತಿರುವು ತಿರುಗಿತು. ನೂರಾ ನಲವತ್ತಕ್ಕೆ ಹುಣಸೆಮರದ ಬುಡ ಮುಟ್ಟಿ, ತೊಗಟೆಗೆ ಕೈಕೊಟ್ಟು ಉಸಿರು ಬಿಟ್ಟು, ಹಿಂದಕ್ಕೆ ತಿರುಗಿ ನೋಡಿದ. ತೋಟದ ಬೇಲಿ ಕಂಡಿತು, ಏರಿದ ರಸ್ತೆಯ ಅಂಚು ಕಂಡಿತು, ಅದರಾಚೆ ಬರಿಯ ಆಕಾಶ. ತಾನು ಬಿದ್ದಿದ್ದ ಜಾಗ ಕಾಣಲಿಲ್ಲ. ಎರಡು ಹೆಜ್ಜೆ ಅತ್ತ, ಎರಡು ಹೆಜ್ಜೆ ಇತ್ತ ಹೋಗಿ ನೋಡಿದ. ಆ ದಾರಿಯಲ್ಲಿ ಗಾಡಿ ಹೊಡೆದುಕೊಂಡು ಸಾವಿರ ಸಲ ಬಂದವನು. ಅಲ್ಲಿ ನಿಂತು ತನ್ನನ್ನು ಹುಡುಕಿದ್ದು ಅದೇ ಮೊದಲು.

“ಇಲ್ಲಿಂದ ನಾನು ಕಾಣ್ತಾನೇ ಇರ್ನಿಲ್ಲ ಕಣಕ್ಕ” ಎಂದ.

“ಇಲ್ಲ ಕಣಪ್ಪ, ಕಾಣ್ತಿರ್ನಿಲ್ಲ” ಎಂದಳು ಸಿದ್ದಕ್ಕ. “ನೀನ್ ಕೂಗೋದು ಮಾತ್ರ ಕೇಳ್ತಿತ್ತು.”

ಗಾಳಿಗೆ ಒಂದು ಗರಿ ಮರದಿಂದ ಜಾರಿ ಮಣ್ಣಿನ ಮೇಲೆ ಬಿದ್ದಿತ್ತು. ಅವನು ಕೋಲನ್ನು ಮರಕ್ಕೆ ಒರಗಿಸಿ, ಮರವನ್ನೇ ಹಿಡಿದುಕೊಂಡು ಬಗ್ಗಿ, ಗರಿಯ ಬುಡವನ್ನೆತ್ತಿ ಅದರ ಜಾಗದಲ್ಲಿ ನಿಲ್ಲಿಸಿದ; ಜಾರದಂತೆ ಬುಡಕ್ಕೊಂದು ಹಿಡಿ ಮಣ್ಣು ಒತ್ತಿದ. ಆಮೇಲೆ ಅಕ್ಕನ ಹೆಗಲ ಮೇಲೆ ಕೈಯಿಟ್ಟು ಉಣ್ಣಲು ಗುಡಿಸಲ ಕಡೆಗೆ ಇಳಿದ.